ಎರಡಿಂಚು ಸ್ಪಂಜು, ಒಂದು ಗಾಜು

ನಮ್ಮ ಯಜಮಾನರಿಗೆ ಯಾರ ಕಣ್ಣಿನ ಮುಂದೆಯೂ ಗಾಜಿಲ್ಲದಿದ್ದರೆ ಸಮಾಧಾನವಿಲ್ಲ. ಮೂವತ್ತು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟುಕೊಂಡು ನಮ್ಮ ಬೀದಿಯ ಅರ್ಧ ಜನರ ಮೂಗಿನ ಮೇಲೆ ಫ್ರೇಮು ಕೂರಿಸಿದ್ದಾರೆ. ನಮ್ಮ ಮಗಳಿಗೆ ಆರು ತುಂಬುವ ಮೊದಲೇ ಕೂರಿಸಿದರು. ಪಕ್ಕದ ಮನೆಯ ಹಿರಿಯರೊಬ್ಬರು ಪೇಪರ್ ಕೇಳಿಕೊಂಡು ಬಂದವರು ಕನ್ನಡಕ ಹಾಕಿಸಿಕೊಂಡು ಹೋದರು; ಪೇಪರ್ ನಮ್ಮಲ್ಲೇ ಉಳಿಯಿತು. ಹೀಗಿರುವಾಗ, ಹಿತ್ತಲ ಶೆಡ್ಡಿನಲ್ಲಿ ಒಂಬತ್ತು ವರ್ಷದಿಂದ ಕೈಯಾರೆ ಕಟ್ಟುತ್ತಿರುವ ತಮ್ಮ ಕಾರಿಗೆ ಮುಂದಿನ ಗಾಜು ಬೇಕು ಎಂದು ಅವರು ಹೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಬೇಡವೇ ಬೇಡ ಎಂದು ನಾನು ಪಟ್ಟು ಹಿಡಿದೆನಲ್ಲ, ಮನೆಯವರೆಲ್ಲ ಕಣ್ಣು ಕಣ್ಣು ಬಿಟ್ಟಿದ್ದು ಅದಕ್ಕೆ.

ಕಾರೆಂದರೆ ಸಾಧಾರಣ ಕಾರಲ್ಲ. ಎರಡೇ ಸೀಟು, ಮೇಲೆ ಸೂರಿಲ್ಲ, ಪಕ್ಕಕ್ಕೆ ಬಾಗಿಲಿಲ್ಲ. ಉದ್ದ ಮೂತಿ, ಮೊಟಕು ಬೆನ್ನು. ಒಳಗೆ ಇಳಿದು ಕೂತರೆ ಕೈ ಚಾಚಿ ನೆಲ ಮುಟ್ಟಬಹುದು. ಎಂಜಿನ್ನು ಯಾವುದೋ ಹಳೆಯ ಕಾರಿನದು, ಚಕ್ರಗಳು ಇನ್ನೊಂದರದು. ಮೈಯ ತಗಡು ಮಾತ್ರ ಪೂರ್ತಿ ಇವರದೇ, ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಬಗ್ಗಿಸಿದ್ದು. "ಸ್ಪೋರ್ಟ್ಸ್ ಕಾರು" ಎನ್ನುವಾಗ ಇವರ ದನಿ ಸ್ವಲ್ಪ ತಗ್ಗುತ್ತದೆ. ನಾಚಿಕೆಗೋ ಹೆಮ್ಮೆಗೋ ನನಗಿನ್ನೂ ತಿಳಿದಿಲ್ಲ. ಮೊದಲ ತಗಡು ಹೊತ್ತು ತಂದ ದಿನ ಬಾಗಿಲಲ್ಲೇ ನಿಂತು "ಆರು ತಿಂಗಳಲ್ಲಿ ಮುಗಿಸ್ತೀನಿ" ಎಂದರು. "ಯಾವ ವರ್ಷದ ಆರು ತಿಂಗಳು?" ಎಂದೆ. ಆಮೇಲೆ ವರ್ಷಕ್ಕೆ ನಾಲ್ಕು ಸಲವಾದರೂ ಅವರು ಅದೇ ಮಾತು ಹೇಳುವುದು, ನಾನು ಅದೇ ಪ್ರಶ್ನೆ ಕೇಳುವುದು ನಡೆದುಕೊಂಡು ಬಂತು. ಬೇರೆ ಮನೆಗಳಲ್ಲಿ ಗಂಡ ಹೆಂಡತಿ ನಿದ್ದೆ ಬಂತಾ, ಕಾಲು ನೋವು ಹೇಗಿದೆ ಎಂದು ವಿಚಾರಿಸಿಕೊಳ್ಳುತ್ತಾರಂತೆ. ನಮ್ಮಲ್ಲಿ ಇದು. ಒಂದು ಸಲವೂ ನಾನು ತಪ್ಪಿಸಿಲ್ಲ ಎಂದೇ ನನ್ನ ನಂಬಿಕೆಯಾಗಿತ್ತು.

ಆ ಕಾರಿನಲ್ಲಿ ಒಂದು ಎಡವಟ್ಟಿದೆ. ನಮ್ಮಲ್ಲಿ ಎಲ್ಲ ಗಾಡಿಗಳ ಸ್ಟೀರಿಂಗೂ ಬಲಗಡೆ ಇದ್ದರೆ ಇವರ ಕಾರಿನದು ಎಡಗಡೆ. ನಾಲ್ಕು ವರ್ಷದ ಹಿಂದೆ ಅದನ್ನು ಜೋಡಿಸಿ, ಕೈ ಒರೆಸಿಕೊಳ್ಳುತ್ತಾ ನಮ್ಮನ್ನು ಕರೆದು ತೋರಿಸಿದಾಗ ಮಗಳು ಎರಡು ಸಲ ಸುತ್ತು ಹಾಕಿ ನೋಡಿದಳು. ಕಾರಣ ಹುಡುಕಲು ನಮಗೆ ಕಷ್ಟವಾಗಲಿಲ್ಲ. ಇವರ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೋಣೆ ಚಿಕ್ಕದು. ಅಕ್ಷರದ ಹಲಗೆಯನ್ನು ಬೇಕಾದಷ್ಟು ದೂರದಲ್ಲಿ ತೂಗುಹಾಕಲು ಜಾಗವಿಲ್ಲ. ಅದಕ್ಕೆ ಹಲಗೆಯನ್ನು ಬಂದವರ ತಲೆಯ ಹಿಂದೆ ಇಟ್ಟು ಎದುರಿನ ಗೋಡೆಗೆ ಕನ್ನಡಿ ಹಾಕಿದ್ದಾರೆ. ಹಲಗೆಯ ಮೇಲೆ ಅಕ್ಷರಗಳೆಲ್ಲ ತಿರುಗಾಮುರುಗಾ. ಕನ್ನಡಿಯಲ್ಲಿ ನೋಡಿದರೆ ಸರಿ. ಮೂವತ್ತು ವರ್ಷ ಎಡವನ್ನು ಬಲ ಮಾಡಿ ಓದಿದ ಮನುಷ್ಯ ಕಾರಿನ ನಕ್ಷೆಯನ್ನೂ ಹಾಗೇ ಓದಿದ್ದಾರೆ ಎಂದು ನಾವೆಲ್ಲ ತೀರ್ಮಾನಿಸಿದೆವು. ಎದುರು ಗ್ಯಾರೇಜಿನ ಮೇಸ್ತ್ರಿ ಅವತ್ತೇ ಇವರಿಗೆ "ಕನ್ನಡಿ ಇಂಜಿನಿಯರ್" ಎಂದು ಹೆಸರಿಟ್ಟ. ಬೀದಿಯಲ್ಲಿ ಆ ಹೆಸರೇ ಓಡಾಡಿತು. ನಾನೇ ಓಡಾಡಿಸಿದೆ ಎಂದರೂ ಸುಳ್ಳಲ್ಲ.

ಇವರು ಒಂದು ಮಾತು ಎದುರಾಡಲಿಲ್ಲ. ನಕ್ಕು, ಸ್ಟೀರಿಂಗ್ ಚಕ್ರವನ್ನು ಬಟ್ಟೆಯಲ್ಲಿ ಒರೆಸಿದರು.

ಈಗ ಕಾರು ಮುಗಿಯಿತು. ನಿಜವಾಗಿಯೂ ಮುಗಿಯಿತು. ಉಳಿದದ್ದು ಎರಡೇ: ನಾನು ಹೊಲಿದು ಕೊಡಬೇಕಾದ ಸೀಟು, ಮತ್ತು ಗಾಜಿನ ವಿಷಯ. ಮುಂದಿನ ಸೋಮವಾರ ತಪಾಸಣೆಯ ಅಧಿಕಾರಿ ಬರುವವರಿದ್ದರು. ಅವರು ಕಳಿಸಿದ್ದ ಫಾರಮ್ಮನ್ನು ಮಗಳು ಊಟದ ಮೇಜಿನ ಮೇಲೆ ಹರಡಿಕೊಂಡು ತುಂಬುತ್ತಿದ್ದಳು. ಅವಳು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು. ಖಾಲಿ ಬಿಟ್ಟ ಜಾಗ ಕಂಡರೆ ಅವಳ ಕೈ ತುರಿಸುತ್ತದೆ.

"ಮುಂದಿನ ಗಾಜು. ಇದೆ ಅಂತ ಹಾಕ್ಲಾ, ಇಲ್ಲ ಅಂತ ಹಾಕ್ಲಾ?" ಎಂದು ಕೇಳಿದಳು.

"ಇದೆ," ಎಂದರು ಇವರು.

"ಇಲ್ಲ," ಎಂದೆ ನಾನು.

ಮಗಳು ಪೆನ್ನು ಕೆಳಗಿಟ್ಟಳು. "ಗಾಜು ಹಾಕಿದ್ರೆ ಅದನ್ನ ಒರೆಸೋ ವೈಪರ್ ಬೇಕಂತೆ, ನೀರು ಚಿಮ್ಮೋದೂ ಬೇಕಂತೆ. ಹಾಕ್ದೇ ಇದ್ರೆ ಇಬ್ರೂ ಹೆಲ್ಮೆಟ್ಟು, ಕಣ್ಣಿಗೆ ದೊಡ್ಡ ಗಾಗಲ್ಸು ಹಾಕ್ಕೋಬೇಕು. ಎರಡರಲ್ಲಿ ಒಂದು."

"ಗಾಗಲ್ಸಿಗೆ ಬರ ಇದೆಯಾ ಈ ಮನೇಲಿ?" ಎಂದೆ. "ಅಂಗಡಿ ತುಂಬ ಇದೆ. ಇಷ್ಟು ಚೆಂದದ ಮೂತಿ ತಟ್ಟಿ ಮಾಡಿ, ಅದರ ಮೇಲೆ ಮೀನಿನ ತೊಟ್ಟಿ ತಂದು ನಿಲ್ಲಿಸಿದ ಹಾಗೆ ಗಾಜು ನಿಲ್ಲಿಸ್ತಾರಂತೆ. ಇಡೀ ಕಾರಿನ ಅಂದ ಕೆಟ್ಟು ಕೆರ ಹಿಡಿದು ಹೋಗುತ್ತೆ. ಮುಖಕ್ಕೆ ಗಾಳಿ ಬೀಳ್ದೇ ಇದ್ರೆ ಅದ್ಯಾವ ಸ್ಪೋರ್ಟ್ಸ್ ಕಾರು? ಕಿಟಕಿ ಹಾಕ್ಕೊಂಡು ಕೂರೋದಕ್ಕೆ ನಮ್ಮ ವ್ಯಾನಿಲ್ವಾ?"

"ಗಾಳಿ ಬಿದ್ರೆ ಮಾತಾಡೋಕಾಗಲ್ಲ," ಎಂದರು ಇವರು.

"ಓಹೋ! ದಿನಕ್ಕೆ ಹನ್ನೆರಡು ಮಾತಾಡೋರು ನೀವು. ಆ ಹನ್ನೆರಡನ್ನ ಮನೆ ಬಿಡೋಕೆ ಮುಂಚೇನೇ ಆಡಿ ಮುಗಿಸಿ."

ಮಗಳು ನಕ್ಕಳು. ಇವರೂ ನಕ್ಕರು. ನಾನು ಗೆದ್ದವಳ ಹಾಗೆ ಚಹಾ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಒಳಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತೆ.

ವಿಷಯ ಏನೆಂದರೆ, ನನಗೆ ಎಡಗಿವಿ ಕೇಳಿಸುವುದಿಲ್ಲ.

ನನ್ನದು ಸೀಟು ಹೊಲಿಯುವ ಅಂಗಡಿ. ಬಸ್ಸಿನ ಸೀಟು, ಕುರ್ಚಿ, ಸೋಫಾ, ದವಾಖಾನೆಯ ಮಂಚದ ದಿಂಬು, ಎಲ್ಲ ನನ್ನ ಕೈಯಲ್ಲಿ ಆಗಿವೆ. ಇಪ್ಪತ್ತೈದು ವರ್ಷ ನನ್ನ ಹೊಲಿಗೆ ಯಂತ್ರದ ಎಡಕ್ಕೇ, ಮೊಣಕೈಯಿಂದ ಒಂದು ಮೊಳ ದೂರದಲ್ಲಿ ಗಾಳಿ ತುಂಬುವ ಕಂಪ್ರೆಸರ್ ಕೂತಿತ್ತು. ಅದು ದಿನವಿಡೀ ಒದರುತ್ತಿತ್ತು. ನಾನು ಅದಕ್ಕಿಂತ ಜೋರಾಗಿ ಒದರಿ ಕೆಲಸ ಮಾಡಿಸುತ್ತಿದ್ದೆ. ಐದು ವರ್ಷದ ಹಿಂದೆ ಒಂದು ದಿನ ಫೋನನ್ನು ಎಡಗಿವಿಗೆ ಹಿಡಿದು, ಯಾರೂ ಮಾತಾಡುತ್ತಿಲ್ಲವೆಂದು ಇಟ್ಟುಬಿಟ್ಟೆ. ಮತ್ತೆ ಬಂತು, ಮತ್ತೆ ಇಟ್ಟೆ. ಮೂರನೇ ಸಲ ಕೈ ಬದಲಿಸಿದೆ. ಬಲಗಿವಿಗೆ ಹಿಡಿದರೆ ಆ ಕಡೆಯವನು ಯಾಕಮ್ಮಾ ಇಟ್ಟುಬಿಡ್ತೀರಿ ಎಂದು ಬೈಯುತ್ತಿದ್ದ.

ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ನಾಚಿಕೆಯಲ್ಲ, ಹೆದರಿಕೆ. ನನ್ನ ದೊಡ್ಡಮ್ಮನಿಗೆ ಎರಡು ಕಿವಿಯೂ ಹೋಗಿತ್ತು. ಮನೆ ತುಂಬ ಜನ ಕೂತು ಹರಟುವಾಗ ಅವಳೂ ನಮ್ಮ ನಡುವೆಯೇ ಕೂತಿರುತ್ತಿದ್ದಳು. ಯಾರೋ ಏನೋ ಹೇಳುತ್ತಿದ್ದರು, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದೆವು. ನಗು ಮುಗಿಯುವ ಹೊತ್ತಿಗೆ ಅವಳು ಎಲ್ಲರ ಮುಖ ನೋಡಿ, ಕೊನೆಗೆ ತಾನೂ ನಗುತ್ತಿದ್ದಳು. ಒಬ್ಬಳೇ. ನಾವು ಅದಕ್ಕೆ ಇನ್ನೊಂದು ಸುತ್ತು ನಗುತ್ತಿದ್ದೆವು. ಕೆಟ್ಟವರಾಗಿರಲಿಲ್ಲ ನಾವು, ಆದರೆ ನಕ್ಕೆವು. ಅದೊಂದು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. ನಾನು ಬಾಯಿಯಿಂದ ಬದುಕುವವಳು. ಯಾರಾದರೂ ಒಂದು ಮಾತು ಎಸೆದರೆ ಅದು ನೆಲಕ್ಕೆ ಬೀಳುವ ಮೊದಲು ತಿರುಗಿ ಎಸೆಯಬೇಕು. ಈ ಮನೆಯಲ್ಲಿ ನನ್ನ ಜಾಗ ಅದು. ತಡವಾಗಿ ನಗುವ ಹೆಂಗಸಾಗಿ ಮೂಲೆಯಲ್ಲಿ ಕೂರುವುದು ನನ್ನ ಕೈಯಲ್ಲಾಗದು.

ಅದಕ್ಕೇ ಉಪಾಯ ಕಲಿತುಕೊಂಡೆ. ಊಟದ ಮೇಜಿನಲ್ಲಿ ಎಡಕ್ಕೆ ಗೋಡೆ ಇರುವ ಕುರ್ಚಿ ನನ್ನದು. ಬೀದಿಯಲ್ಲಿ ನಡೆಯುವಾಗ ಇವರನ್ನು ಬಲಕ್ಕೆ ಬಿಟ್ಟುಕೊಳ್ಳುತ್ತೇನೆ. ಯಾರಿಗೂ ಅನುಮಾನ ಬರದ ಹಾಗೆ ಐದು ವರ್ಷ ತಳ್ಳಿದೆ. ವ್ಯಾನಿನಲ್ಲಿ ಮಾತ್ರ ಉಪಾಯ ಸಾಗಲಿಲ್ಲ.

ನಮ್ಮ ಅಂಗಡಿಯ ವ್ಯಾನನ್ನು ಓಡಿಸುವವಳು ನಾನು. ಇವರಿಗೂ ಓಡಿಸಲು ಬರುತ್ತದೆ, ಹೊಂಡ ಕಂಡರೆ ಇಳಿದು ನೋಡಿ ಬಂದು ಮತ್ತೆ ಹೊರಡುವಷ್ಟು. ಆದ್ದರಿಂದ ಮದುವೆಯಾದ ಲಾಗಾಯ್ತು ನಾನು ಬಲಗಡೆ ಸ್ಟೀರಿಂಗಿನಲ್ಲಿ, ಇವರು ನನ್ನ ಎಡಕ್ಕೆ. ಮನೆಯಲ್ಲಿ ಹನ್ನೆರಡೇ ಮಾತಾಡುವ ಈ ಮನುಷ್ಯ ವ್ಯಾನು ಹತ್ತಿದರೆ ಸಾಕು, ಬೇರೆಯೇ ಆಗುತ್ತಿದ್ದರು. ದಿನವೆಲ್ಲ ಎದುರಿಗೆ ಕೂತವರ ಕಣ್ಣೊಳಗೇ ನೋಡುವ ಕೆಲಸವಲ್ಲವೇ, ಎದುರುಬದುರು ಕೂತರೆ ಇವರಿಗೆ ಮಾತು ಹೊರಡುವುದಿಲ್ಲ. ಇಬ್ಬರೂ ಮುಂದೆ ನೋಡಿಕೊಂಡು ಕೂತರೆ ಸಲೀಸಾಗಿ ಬರುತ್ತದೆ. ಅವರ ಅಪ್ಪ ಸತ್ತ ದುಃಖವನ್ನು ನನಗೆ ಹೇಳಿದ್ದು ವ್ಯಾನಿನಲ್ಲಿ, ಒಂದು ರೈಲ್ವೆ ಗೇಟಿನ ಹತ್ತಿರ. ಮಗಳಿಗೆ ಹೆಸರಿಟ್ಟಿದ್ದು ವ್ಯಾನಿನಲ್ಲಿ. ಈ ಕಾರಿನ ಹುಚ್ಚು ಹೊರಬಿದ್ದದ್ದೂ ಅಲ್ಲೇ.

ಎಡಗಿವಿ ಹೋದ ಮೇಲೆ ಆ ಮಾತೆಲ್ಲ ಎಂಜಿನ್ನಿನ ಸದ್ದಿನಲ್ಲಿ ಕರಗಿಹೋಯಿತು. ಮೊದಮೊದಲು ಊಹೆಯ ಮೇಲೆ ಹ್ಞೂಂ ಹ್ಞೂಂ ಎಂದೆ. ಬರಬರುತ್ತ ಇವರು ಕಡಿಮೆ ಮಾಡಿದರು. ಈಗ ಎರಡು ಮೂರು ವರ್ಷದಿಂದ ವ್ಯಾನಿನಲ್ಲಿ ಸುಮ್ಮನೆ ಕೂರುತ್ತಾರೆ. ವಯಸ್ಸಾಯಿತು, ಮಾತು ಮುಗಿಯಿತು ಎಂದುಕೊಂಡೆ. ಹಾಗೆ ಅಂದುಕೊಂಡರೆ ನನಗೂ ಅನುಕೂಲವಾಗಿತ್ತಲ್ಲ.

ಈಗ ಈ ಕಾರಿನ ಲೆಕ್ಕ ನೋಡಿ. ಸ್ಟೀರಿಂಗು ಎಡಗಡೆ, ಅಲ್ಲಿ ಇವರು. ಬಲಗಡೆ ನಾನು. ಅಂದರೆ ಇವರು ಮತ್ತೆ ನನ್ನ ಎಡಕ್ಕೇ ಬಂದು ಕೂತರು! ಜಗತ್ತಿನಲ್ಲಿ ಇಷ್ಟು ಕಾರುಗಳಿರುವಾಗ, ನನ್ನ ಹಣೆಬರಹಕ್ಕೆ ಈ ಕನ್ನಡಿ ಇಂಜಿನಿಯರ್ ಅದೊಂದನ್ನೇ ತಿರುಗುಮುರುಗು ಮಾಡಿಟ್ಟರು. ಗಾಜಿದ್ದರೆ ಇವರು ಹೊಸ ಕಾರಿನ ಹುರುಪಿನಲ್ಲಿ ಖಂಡಿತ ಬಾಯಿ ಬಿಡುತ್ತಾರೆ, ನಾನು ಸಿಕ್ಕಿಬೀಳುತ್ತೇನೆ. ಗಾಜಿಲ್ಲದಿದ್ದರೆ ತೊಂದರೆಯೇ ಇಲ್ಲ. ಆ ಗಾಳಿಯ ಭೋರ್ಗರೆತದಲ್ಲಿ, ಹೆಲ್ಮೆಟ್ಟಿನ ಒಳಗೆ, ನನ್ನಷ್ಟೇ ಇವರೂ ಕಿವುಡರು.

ಅಂದ ಕೆಡುತ್ತದೆ ಎಂದು ನಾನು ಕೂಗಾಡಿದ್ದರ ಹಿಂದೆ ಇದ್ದದ್ದು ಇಷ್ಟು.

ಮೂರು ದಿನ ಜಗಳ ನಡೆಯಿತು. ಜಗಳವೆಂದರೆ ನಾನು ಮಾತಾಡುವುದು, ಅವರು ತಲೆಯಾಡಿಸಿ ಮತ್ತೆ ಗಾಜೇ ಬೇಕೆನ್ನುವುದು. ಕೊನೆಗೆ ಮಗಳು ಶಾಲೆಯ ದನಿ ತೆಗೆದಳು. "ಸಾಕು. ಒಂದು ಪರೀಕ್ಷೆ ಮಾಡೋಣ. ಅಮ್ಮ ಸೀಟು ಹೊಲಿದು ಕೊಡ್ಲಿ. ಅಪ್ಪ ಗಾಜಿನ ಅಳತೆಗೆ ರಟ್ಟು ಕತ್ತರಿಸಿ ನಿಲ್ಲಿಸ್ಲಿ. ಕೂತು ನೋಡೋದು. ಗಾಜಿನ ಮೇಲಂಚು ಕಣ್ಣಿಗೆ ಅಡ್ಡ ಬಂದ್ರೆ ಗಾಜು ಬೇಡ. ಬರ್ಲಿಲ್ಲ ಅಂದ್ರೆ ಗಾಜು ಹಾಕೋದು. ಇಬ್ರಿಗೂ ಒಪ್ಪಿಗೇನಾ?"

"ಓಡಿಸುವವರ ಕಣ್ಣಿಗೆ ಅಡ್ಡ ಬಂದ್ರೆ," ಎಂದು ಇವರು ತಿದ್ದಿದರು.

"ಓಡಿಸುವವರ ಕಣ್ಣಿಗೇ, ಸರಿ."

ನಾನು ಒಪ್ಪಿದೆ. ಇವರು ಒಂದು ಚೀಟಿಯಲ್ಲಿ ಸೀಟಿನ ಅಳತೆ ಬರೆದುಕೊಟ್ಟರು. ಉದ್ದ, ಅಗಲ, ಸ್ಪಂಜು ಎರಡಿಂಚು. ಎರಡಿಂಚು ಎನ್ನುವುದರ ಕೆಳಗೆ ಗೆರೆ ಬೇರೆ ಎಳೆದಿದ್ದರು.

ಕಣ್ಣಿನ ವಿಷಯದಲ್ಲಿ ಇವರು ಅಳತೆ ತಪ್ಪುವ ಗಿರಾಕಿಯಲ್ಲ. ಎರಡು ವರ್ಷದ ಹಿಂದೆ ನನಗೆ ಓದುವ ಕನ್ನಡಕ ಮಾಡುವಾಗ, ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ ನೆಲದಿಂದ ಕಣ್ಣಿನವರೆಗೆ ಟೇಪು ಹಿಡಿದು, ಕುರ್ಚಿಯಿಂದ ಕಣ್ಣಿನವರೆಗೆ ಇನ್ನೊಂದು ಸಲ ಹಿಡಿದು ಬರೆದುಕೊಂಡಿದ್ದರು. "ಕನ್ನಡಕ ಹಾಕ್ತಿದ್ದೀರೋ, ಪರದೆ ಹೊಲಿಸ್ತಿದ್ದೀರೋ?" ಎಂದು ನಾನು ನಗಾಡಿದ್ದೆ. ಅಂಥ ಮನುಷ್ಯ ಎರಡಿಂಚು ಎಂದು ಗೆರೆ ಎಳೆದಿದ್ದಾರೆಂದರೆ ಗಾಜಿನ ಅಂಚು ಕಣ್ಣಿಗಿಂತ ಸಾಕಷ್ಟು ಮೇಲೆ ನಿಲ್ಲುವುದು ಖಾತ್ರಿ. ನಾನು ಸೋಲುವುದೂ ಖಾತ್ರಿ.

ಹಾಗಾಗಿ ನಾನು ನಾಲ್ಕಿಂಚು ಹಾಕಿದೆ.

ಈ ಕಸುಬಿನಲ್ಲಿ ಕೈ ಪಳಗಿದವಳಿಗೆ ಎರಡಿಂಚು ಮುಚ್ಚಿಡುವುದು ದೊಡ್ಡ ಕೆಲಸವಲ್ಲ. ಕೆಳಗೆ ಗಟ್ಟಿ ಸ್ಪಂಜು, ಮೇಲೆ ಮೆತ್ತನೆಯದು, ಅಂಚಿನ ಪಟ್ಟಿಯನ್ನು ಒಳಕ್ಕೆ ಮಡಚಿ ಹೊಲಿದರೆ ನೋಡುವವರಿಗೆ ತೆಳ್ಳಗೇ ಕಾಣುತ್ತದೆ. ಕೂತರೆ ಮಾತ್ರ ತಗ್ಗುವುದಿಲ್ಲ. ಕಂದು ಬಣ್ಣದ ರೆಕ್ಸಿನ್ ಎಳೆದು, ಎರಡು ಸಾಲು ಹೊಲಿಗೆ ಹಾಕಿ, ಮೂಲೆಗಳನ್ನು ಬಡಿದು ಕೂರಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಮೋಸವನ್ನು ಹೊಲಿದಿರಲಿಲ್ಲ. ಮಾಡುತ್ತಿರುವುದು ಸರಿಯಲ್ಲ ಎಂದು ಗೊತ್ತಿತ್ತು. ಒಂಬತ್ತು ವರ್ಷ ತಗಡು ತಟ್ಟಿದ ಮನುಷ್ಯನ ಕಣ್ಣಿಗೆ ಅಡ್ಡ ಗೆರೆ ಎಳೆಯುತ್ತಿದ್ದೇನೆ ಎಂದು ಸೂಜಿ ಎತ್ತಿದಾಗಲೆಲ್ಲ ಅನಿಸಿತು. ಆದರೂ ಕೈ ನಿಲ್ಲಲಿಲ್ಲ.

ಭಾನುವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದೆವು. ಬಿಸಿಲು ನೇರವಾಗಿ ಕಾರಿನ ಮೂತಿಯ ಮೇಲೆ ಬಿದ್ದಿತ್ತು. ಇವರು ಗಾಜಿನ ಆಕಾರಕ್ಕೇ ಕತ್ತರಿಸಿದ ರಟ್ಟನ್ನು ಎರಡು ಕ್ಲಿಪ್ಪು ಹಾಕಿ ನಿಲ್ಲಿಸಿದ್ದರು. ನಡುಭಾಗ ಕೊರೆದು ತೆಗೆದು ಸುತ್ತ ಎರಡು ಬೆರಳಗಲದ ಚೌಕಟ್ಟು ಮಾತ್ರ ಉಳಿಸಿದ್ದರು, ಗಾಜು ಕೂರುವ ಕಬ್ಬಿಣದ ಪಟ್ಟಿಯಷ್ಟೇ. ನಾನು ಸೀಟುಗಳನ್ನು ಇಳಿಸಿ ಒತ್ತಿದೆ. ಇಬ್ಬರಿಗೂ ಒಂದೇ ತರಹ ಹೊಲಿದಿದ್ದೆ, ಅನುಮಾನ ಬರಬಾರದೆಂದು. ಎದುರು ಗ್ಯಾರೇಜಿನ ಮೇಸ್ತ್ರಿ ಕರೆಯದೆಯೇ ಬಂದು ಬಾಗಿಲಿಗೆ ಒರಗಿ ನಿಂತ.

"ಏನು ಕನ್ನಡಿ ಇಂಜಿನಿಯರೇ, ಗಾಜನ್ನಾದ್ರೂ ಮುಂದೇನೇ ಹಾಕ್ತೀರೋ, ಹಿಂದೆ ಹಾಕ್ತೀರೋ?"

"ಅದನ್ನೇ ಇವತ್ತು ತೀರ್ಮಾನ ಮಾಡ್ತಿದ್ದೀವಿ," ಎಂದರು ಇವರು ತಣ್ಣಗೆ.

ಮಗಳು ಟೇಪು ಹಿಡಿದು ನಿಂತಳು. "ಓಡಿಸುವವರು ಕೂತ್ಕೊಳ್ಳಿ."

ನಾನು ಇವರ ಮುಖ ನೋಡಿದೆ. ಇವರು ಕಾರನ್ನು ಸುತ್ತು ಹಾಕಿ ಹೋಗಿ ಬಲಗಡೆಯ ಸೀಟಿನಲ್ಲಿ ಇಳಿದು ಕೂತರು. ಸ್ಟೀರಿಂಗ್ ಇಲ್ಲದ ಕಡೆ. ಕೂತು ಕೈ ಕಟ್ಟಿಕೊಂಡರು.

"ಅಯ್ಯೋ, ಅಲ್ಲಲ್ಲ!" ಎಂದು ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀವೇ ಎಡಗಡೆ ಇಟ್ಟಿದ್ದು ಮರೆತುಹೋಯ್ತಾ?"

"ನೆನಪಿದೆ," ಎಂದರು. ನನ್ನ ಕಡೆ ತಿರುಗಿದರು. "ಕೂತ್ಕೋ."

"ನಾನಾ?"

"ಇನ್ಯಾರು? ಇಷ್ಟು ವರ್ಷ ಓಡಿಸಿದ್ದು ನೀನು. ನಾನು ಓಡಿಸಿದ್ರೆ ಪ್ರತಿ ಹೊಂಡಕ್ಕೂ ಇಳಿದು ನೋಡ್ಬೇಕಾಗುತ್ತೆ, ನೀನೇ ಹೇಳ್ತೀಯಲ್ಲ."

ಸೀರೆಯ ನೆರಿಗೆ ಎತ್ತಿ ಹಿಡಿದು, ಮಗಳ ಹೆಗಲು ಆತುಕೊಂಡು ಎಡಗಡೆಯ ಸೀಟಿಗೆ ಇಳಿದೆ. ಕಾಲು ಚಾಚಿದೆ. ಪೆಡಲ್ಲುಗಳು ನನ್ನ ಪಾದಕ್ಕೆ ಬಂದು ಕೂತವು. ನನ್ನ ಕಾಲು ಗಿಡ್ಡ. ವ್ಯಾನಿನಲ್ಲಿ ಬೆನ್ನ ಹಿಂದೆ ದಿಂಬು ಇಟ್ಟುಕೊಳ್ಳದೆ ನನಗೆ ಪೆಡಲ್ಲು ಎಟುಕುವುದಿಲ್ಲ. ಇಲ್ಲಿ ದಿಂಬು ಬೇಕಾಗಲಿಲ್ಲ. ಸ್ಟೀರಿಂಗ್ ಚಕ್ರ ಹಿಡಿದೆ. ಅದೂ ಕೈ ಚಾಚಿದಷ್ಟೇ ದೂರದಲ್ಲಿತ್ತು. ಎದುರಿಗೆ ನೋಡಿದೆ.

ಬೀದಿ ಕಾಣಲಿಲ್ಲ. ರಟ್ಟಿನ ಮೇಲಂಚು ನನ್ನ ಎರಡು ಕಣ್ಣಿಗೂ ಅಡ್ಡವಾಗಿ, ಅಚ್ಚುಕಟ್ಟಾಗಿ, ಗೆರೆ ಎಳೆದ ಹಾಗೆ ನಿಂತಿತ್ತು.

ಮಗಳು ಬಗ್ಗಿ ನೋಡಿದಳು, ಟೇಪು ಹಿಡಿದಳು. "ಅಡ್ಡ ಬರ್ತಿದೆ ಅಪ್ಪ. ಸರಿಯಾಗಿ ಕಣ್ಣಿನ ಮೇಲೇನೇ. ಅಮ್ಮ ಗೆದ್ಲು."

"ಹೌದಾ?" ಎಂದರು ಇವರು. ಅವರ ಮುಖ ಸಣ್ಣಗಾಯಿತು. "ನನ್ನ ಲೆಕ್ಕದಲ್ಲಿ ಎರಡಿಂಚು ಕೆಳಗೆ ಇರ್ಬೇಕಿತ್ತು ಕಣ್ಣು. ಎಲ್ಲೋ ತಪ್ಪಿದೀನಿ."

"ಎರಡೂ ಪವರಿನ ಕನ್ನಡಕ ಹಾಕಿದ ಹಾಗಾಯ್ತು," ಎಂದ ಮೇಸ್ತ್ರಿ. "ಗಿರಾಕಿಗಳಿಗೆ ಹೇಳ್ತೀರಲ್ಲ, ನಡುವೆ ಗೆರೆ ಕಂಡ್ರೆ ಒಂದು ವಾರದಲ್ಲಿ ಅಭ್ಯಾಸ ಆಗುತ್ತೆ ಅಂತ! ಇವ್ರಿಗೂ ಹೇಳಿ." ನಗುತ್ತಲೇ, ಗ್ಯಾರೇಜಿಗೆ ಯಾರೋ ಬಂದರೆಂದು ಹೊರಟುಹೋದ.

ಇವರು ನಗಲಿಲ್ಲ. ಮುಂದೆ ನೋಡುತ್ತಾ ಕೂತಿದ್ದರು. ಆಮೇಲೆ ಮೆಲ್ಲಗೆ, ವ್ಯಾನಿನಲ್ಲಿ ಹಿಂದೆ ಮಾತಾಡುತ್ತಿದ್ದ ಆ ದನಿಯಲ್ಲಿ, ತಮಗೆ ತಾವೇ ಎಂಬಂತೆ ಹೇಳಿದರು: "ಹೋಗ್ಲಿ ಬಿಡು. ಗಾಳೀಲೇ ಹೋಗೋಣ. ನಿನಗೆ ಅದೇ ಇಷ್ಟ ಅಂದ್ಯಲ್ಲ."

ಒಂದೊಂದು ಅಕ್ಷರವೂ ಕೇಳಿಸಿತು.

ಕೈ ತನ್ನಷ್ಟಕ್ಕೆ ಸ್ಟೀರಿಂಗ್ ಬಿಟ್ಟಿತು. ಇವರು ನನ್ನ ಬಲಕ್ಕೆ ಕೂತಿದ್ದರು. ಮದುವೆಯಾದ ಮೇಲೆ ಮೊದಲ ಬಾರಿಗೆ, ನಾನು ಸ್ಟೀರಿಂಗಿನಲ್ಲಿದ್ದಾಗ ಇವರು ನನ್ನ ಬಲಕ್ಕೆ. ನಕ್ಷೆಯನ್ನು ಯಾರೂ ಕನ್ನಡಿಯಲ್ಲಿ ಓದಿರಲಿಲ್ಲ. ನಾಲ್ಕು ವರ್ಷ ಬೀದಿಗೆ ಬೀದಿಯೇ ಆಡಿಕೊಂಡು ನಕ್ಕಾಗ ಈ ಮನುಷ್ಯ ಚಕ್ರ ಒರೆಸುತ್ತ ಕೂತಿದ್ದರು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು.

"ನಿಮಗೆ ಗೊತ್ತಿತ್ತಾ?" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ಏನು?"

"ನಾಟಕ ಬೇಡ. ನನ್ನ ಎಡಗಿವಿ."

ಮಗಳು "ಎಡಗಿವಿಗೆ ಏನಾಯ್ತು?" ಎಂದಳು. ನಮ್ಮಿಬ್ಬರ ಮುಖ ನೋಡಿದಳು. ಅವಳು ಟೇಪನ್ನು ಸುತ್ತುತ್ತಾ ಶೆಡ್ಡಿನ ಬಾಗಿಲ ಕಡೆ ಹೋಗಿ ನಿಂತಳು. ಹುಡುಗಿಗೆ ಲೆಕ್ಕದ ಜೊತೆಗೆ ಬುದ್ಧಿಯೂ ಇದೆ.

"ಗೊತ್ತಿತ್ತು," ಎಂದರು ಇವರು.

"ಯಾವಾಗಿಂದ?"

"ವ್ಯಾನಲ್ಲಿ ಒಂದಿನ ಹೇಳ್ದೆ, ಆರು ತಿಂಗಳಲ್ಲಿ ಕಾರು ಮುಗಿಸ್ತೀನಿ ಅಂತ. ನೀನು ಹ್ಞೂಂ ಅಂದೆ." ಬೆರಳಿನಿಂದ ರಟ್ಟಿನ ಅಂಚು ಸವರಿದರು. "ಬರೀ ಹ್ಞೂಂ. ಯಾವ ವರ್ಷದ್ದು ಅಂತ ಕೇಳ್ಲಿಲ್ಲ. ಕೋಪ ಬಂದಿದೆಯಾ ಅಂತ ಮುಖ ನೋಡ್ದೆ, ಕೋಪ ಇರ್ಲಿಲ್ಲ. ಮಾರನೇ ದಿನ ಬಲಗಡೆ ನಿಂತು ಅದೇ ಮಾತು ಹೇಳ್ದೆ. ತಕ್ಷಣ ಕೇಳ್ದೆ ನೀನು."

"ಹೇಳ್ಬಾರ್ದಿತ್ತಾ ನನಗೆ?"

"ನೀನು ಮುಚ್ಚಿಡ್ತಿದ್ದೆ. ಅದು ನಿನ್ನ ಮಾತು, ನೀನೇ ಹೇಳ್ತೀಯ ಅಂತ ಕಾದೆ. ಕಾಯೋವಾಗ ಕೈ ಖಾಲಿ ಇತ್ತಲ್ಲ, ಸ್ಟೀರಿಂಗನ್ನ ಈ ಕಡೆ ಹಾಕ್ದೆ. ನಿನ್ನ ಕಣ್ಣಿನ ಎತ್ತರ ತಗೊಂಡೆ. ಗಾಜಿದ್ರೆ ಮಾತಾಡ್ಬಹುದು ಅಂತ." ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. "ಆದ್ರೆ ಅಳತೆ ತಪ್ಪಿದೆ. ಹೇಗೆ ತಪ್ತು ಅಂತಾನೇ ಗೊತ್ತಾಗ್ತಿಲ್ಲ. ಅಷ್ಟು ಹುಷಾರಾಗಿ ಹಿಡಿದಿದ್ದೆ."

ಇವರು ಯಾವತ್ತೂ ಕಣ್ಣಿನ ಅಳತೆ ತಪ್ಪಿದವರಲ್ಲ. ತಮ್ಮ ಕೈಯ ಮೇಲೇ ಇವರಿಗೆ ಅನುಮಾನ ಬಂದಿತ್ತು. ಬೆರಳುಗಳನ್ನು ಒಂದರ ಮೇಲೊಂದು ಉಜ್ಜುತ್ತ ಕೂತಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಗೆಲುವು ನನ್ನದೇ. ಗಾಜು ಬರುವುದಿಲ್ಲ, ಹೆಲ್ಮೆಟ್ಟು ಹಾಕಿಕೊಂಡು ಗಾಳಿಯಲ್ಲಿ ಹೋಗುತ್ತೇವೆ, ಇವರ ಮಾತನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ. ನಾನು ಬಯಸಿದ್ದೇ ಅದು. ಅರ್ಧ ಗಂಟೆಯ ಹಿಂದಿನವರೆಗೆ.

ನಾನು ಎದ್ದು ನಿಂತೆ. ಸೀಟನ್ನು ಎಳೆದು ಹೊರಗೆ ಹಾಕಿದೆ, ತಿರುವಿದೆ. ಸೊಂಟದ ಚೀಲದಿಂದ ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದೆ.

"ಏನು ಮಾಡ್ತಿದ್ದೀಯ?"

"ಸುಮ್ನಿರಿ. ನಾಲ್ಕಿಂಚು ಹಾಕಿದ್ದೀನಿ."

"ಏನು?"

"ನಾಲ್ಕಿಂಚು! ನೀವು ಎರಡು ಅಂದಿದ್ರಿ, ನಾನು ನಾಲ್ಕು ಹಾಕ್ದೆ. ನಿಮ್ಮ ಕಣ್ಣಿಗೆ ಅಡ್ಡ ಬರ್ಲಿ ಅಂತ. ಗಾಜು ಬಂದ್ರೆ ನೀವು ಮಾತಾಡ್ತೀರಿ, ನನಗೆ ಕೇಳಿಸಲ್ಲ, ಗೊತ್ತಾಗಿಬಿಡುತ್ತೆ ಅಂತ. ಸಾಕಾ? ಕಿವುಡಿ ಜೊತೆಗೆ ಮೋಸಗಾತಿ ಅಂತಾನೂ ಫಾರಮ್ಮಲ್ಲಿ ಬರೀರಿ."

ಇವರು ನನ್ನ ಮುಖ ನೋಡಿದರು, ಸೀಟಿನ ಹೊಟ್ಟೆಯಿಂದ ಹೊರಬರುತ್ತಿದ್ದ ಸ್ಪಂಜು ನೋಡಿದರು. ಆಮೇಲೆ ನಗಲು ಶುರುಮಾಡಿದರು. ಮೊದಲು ಹೆಗಲು ಕುಣಿಯಿತು, ಆಮೇಲೆ ಇಡೀ ಕಾರೇ ಅಲ್ಲಾಡಿತು. ಮಗಳು ಓಡಿಬಂದಳು. ನಾನು ಅಳುತ್ತಿದ್ದೆ. ಅಳುತ್ತಲೇ ಕೊಕ್ಕೆಯಿಂದ ಒಂದೊಂದೇ ಹೊಲಿಗೆ ಕೀಳುತ್ತಿದ್ದೆ. ಎರಡು ಸಾಲು ಹಾಕಿದ್ದೆನಲ್ಲ, ಕೀಳುವುದಕ್ಕೂ ಎರಡರಷ್ಟು ಹೊತ್ತು.

"ಹಾಗಾದ್ರೆ ಅಳತೆ ಸರಿಯಿತ್ತು," ಎಂದರು ಇವರು ಕೊನೆಗೆ. ಅಷ್ಟು ನೆಮ್ಮದಿಯ ದನಿಯನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ಎರಡಿಂಚು ತೆಗೆದು, ಹಾಗೇ ಪಿನ್ನು ಚುಚ್ಚಿ, ಮತ್ತೆ ಕೂತೆ. ರಟ್ಟಿನ ಅಂಚು ಕಣ್ಣಿನಿಂದ ಮೇಲಕ್ಕೆ ಹೋಯಿತು. ಹಿತ್ತಲ ಗೇಟು, ಬೀದಿ, ಎದುರು ಗ್ಯಾರೇಜು, ಅದರ ಬಾಗಿಲಲ್ಲಿ ಕೂತು ಟೈರಿನ ಜೊತೆ ಗುದ್ದಾಡುತ್ತಿದ್ದ ಮೇಸ್ತ್ರಿ, ಎಲ್ಲ ಕಂಡವು. ಮಗಳು ಫಾರಮ್ಮು ತಂದು ಕಾರಿನ ಮೂತಿಯ ಮೇಲೆಯೇ ಇಟ್ಟು "ಇದೆ" ಎಂದು ಬರೆದಳು. ಆಮೇಲೆ ನನ್ನ ಬಲಗಡೆಗೆ ಬಂದು, ಇವತ್ತೇ ಡಾಕ್ಟರ ಹತ್ತಿರ ಸಮಯ ತಗೋತೀನಿ, ಬಾಯಿ ಬಿಟ್ಟರೆ ನೋಡು ಎಂದು ಬೈದಳು. ಐದು ವರ್ಷ ಮುಚ್ಚಿಟ್ಟಿದ್ದಕ್ಕೆ ಅಷ್ಟು ಬೈಸಿಕೊಳ್ಳುವುದು ನ್ಯಾಯವೇ.

ಸೋಮವಾರದ ತಪಾಸಣೆಯನ್ನು ಮುಂದಕ್ಕೆ ಹಾಕಿಸಿದೆವು; ಗಾಜು ಕೂರಿಸಿ, ವೈಪರ್ ಹಾಕಿ, ಅಧಿಕಾರಿ ಬಂದು ನೋಡಿ ಸಹಿ ಹಾಕಿ ಹೋಗುವಷ್ಟರಲ್ಲಿ ಇನ್ನೂ ಎರಡು ವಾರ ಹಿಡಿಯಿತು. ಸ್ಟೀರಿಂಗ್ ಯಾಕೆ ಎಡಗಡೆ ಎಂದು ಅವರೂ ಕೇಳಿದರು. "ನನ್ನ ಗಂಡನಿಗೆ ಅಳತೆ ಚೆನ್ನಾಗಿ ಗೊತ್ತು" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಬರೆದುಕೊಂಡರು.

ಮೊದಲ ಸಲ ಕಾರನ್ನು ಬೀದಿಗೆ ಇಳಿಸಿದ ದಿನ ಮೇಸ್ತ್ರಿ ಕೈಯೆತ್ತಿ ಸಲಾಮು ಹೊಡೆದ. ನಾನು ಎರಡನೇ ಗೇರಿಗೆ ಹಾಕಿದೆ, ಮೂರನೆಯದಕ್ಕೆ ಹಾಕಿದೆ. ಗಾಳಿ ಗಾಜಿಗೆ ಬಡಿದು ತಲೆಯ ಮೇಲಿಂದ ದಾಟಿ ಹೋಗುತ್ತಿತ್ತು. ಕೂದಲು ಮಾತ್ರ ಹಾರಾಡುತ್ತಿತ್ತು. ಇಬ್ಬರೂ ಮುಂದೆ ನೋಡುತ್ತಿದ್ದೆವು. ಊರಿನ ಕೊನೆಯ ತಿರುವು ದಾಟಿದೆವು. ಆಮೇಲೆ ಇವರು ಗಂಟಲು ಸರಿಮಾಡಿಕೊಂಡರು.

"ಇದಕ್ಕೆ ಮೇಲೊಂದು ಸೂರು ಮಾಡ್ಬೇಕು," ಎಂದರು. "ಬಿಚ್ಚಿ ಮಡಚೋ ತರಹ. ಆರು ತಿಂಗಳಲ್ಲಿ ಮುಗಿಸ್ತೀನಿ."

"ಯಾವ ವರ್ಷದ ಆರು ತಿಂಗಳು?" ಎಂದೆ.

ಮುಂದೆ ಗಾಜಿತ್ತು, ಒಂದು ಕಣ ಧೂಳೂ ಒಳಗೆ ಬಂದಿರಲಿಲ್ಲ. ಆದರೂ ಇವರು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು.